'ನೀವು ಹೋಗಿ ಬನ್ನಿ, ನಾನಿಲ್ಲೇ ಕೂತಿರ್ತೀನಿ'

ಮಂಡಿ ನೋವಿನ ಅಮ್ಮನ ಜೊತೆ ಬೆಂಗಳೂರಿನಿಂದ ಹೊರಟ ನಾಲ್ಕು ಭಾನುವಾರಗಳು: ಒಂದು ಕಾರಿನಲ್ಲಿ, ಒಂದು ಬಾಡಿಗೆ ಟ್ಯಾಕ್ಸಿಯಲ್ಲಿ, ಒಂದು ಬಸ್ಸಿನಲ್ಲಿ, ಒಂದು ರೈಲಿನಲ್ಲಿ. ಎಲ್ಲಿ ಮೆಟ್ಟಿಲು, ಎಲ್ಲಿ ನೆರಳು, ಎಲ್ಲಿ ಏನು ತಿನ್ನಬಹುದು ಅನ್ನೋ ಲೆಕ್ಕದ ಜೊತೆಗೆ ಒಂದಿಷ್ಟು ಮಾತು.

ನಮ್ಮ ಮನೆಗಳ ಹಳೇ ಪ್ರವಾಸದ ಫೋಟೋಗಳನ್ನ ಒಮ್ಮೆ ತೆಗೆದು ನೋಡಿ. ಬೆಟ್ಟದ ತುದಿಯಲ್ಲಿ ಅಪ್ಪ ಇರ್ತಾರೆ, ಮಕ್ಕಳು ಇರ್ತಾರೆ, ಚಿಕ್ಕಪ್ಪ ಇರ್ತಾರೆ, ಅತ್ತೆ ಮಕ್ಕಳು ಸಾಲಾಗಿ ನಿಂತಿರ್ತಾರೆ. ಅಮ್ಮ ಇರೋದಿಲ್ಲ. ಅವಳು ಕೆಳಗೆ, ಮೊದಲ ಮೆಟ್ಟಿಲ ಪಕ್ಕದ ಕಟ್ಟೆ ಮೇಲೆ, ಬ್ಯಾಗು, ಚಪ್ಪಲಿ, ನೀರಿನ ಕ್ಯಾನು, ಚಿತ್ರಾನ್ನದ ಡಬ್ಬಿ ಎಲ್ಲವನ್ನೂ ಸುತ್ತ ಇಟ್ಟುಕೊಂಡು ಕೂತಿರ್ತಾಳೆ. 'ನೀವು ಹೋಗಿ ಬನ್ನಿ, ನಾನಿಲ್ಲೇ ಕೂತಿರ್ತೀನಿ' ಅನ್ನೋ ಮಾತನ್ನ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಮೊದಲು ಕಂಕುಳಲ್ಲಿ ಕೂಸು ಇತ್ತು ಅಂತ, ಆಮೇಲೆ ಅತ್ತೆಯನ್ನ ನೋಡಿಕೊಳ್ಳಬೇಕು ಅಂತ, ಈಗ ಮಂಡಿ ನೋವು ಅಂತ. ಕಾರಣ ಬದಲಾಗ್ತಾ ಹೋಗುತ್ತೆ, ಕಟ್ಟೆ ಅದೇ.

ನನ್ನ ಅಮ್ಮನಿಗೆ ಈಗ 64. ತಿಪಟೂರಿನ ಹತ್ತಿರದ ಹಳ್ಳಿ. ಎರಡು ವರ್ಷದ ಹಿಂದೆ ಅಪ್ಪ ಹೋದ ಮೇಲೆ ತೆಂಗಿನ ತೋಟವನ್ನ ಚಿಕ್ಕಪ್ಪನಿಗೆ ನೋಡಿಕೊಳ್ಳೋಕೆ ಹೇಳಿ, ಹಸು ಮಾರಿ, ಬೆಂಗಳೂರಿಗೆ ನನ್ನ ಜೊತೆ ಇರೋಕೆ ಬಂದಳು. ಏಳನೇ ಮಹಡಿ, ಎರಡು ಬೆಡ್‌ರೂಮು, ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ. ನಾನು ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ಹೋದ್ರೆ ಬರೋದು ರಾತ್ರಿ. ಮಂಡಿ ಸವೆದಿದೆ, ಮುಂದೊಂದು ದಿನ ಆಪರೇಷನ್ ಬೇಕಾಗಬಹುದು, ಅಲ್ಲೀವರೆಗೆ ಸಮತಟ್ಟಾದ ಜಾಗದಲ್ಲಿ ದಿನಾ ನಡೆಯಲಿ, ಸುಮ್ಮನೆ ಕೂರಬೇಡಿ ಅಂತ ಡಾಕ್ಟರು ಹೇಳಿದ್ರು. ಅಮ್ಮ ಅದರಲ್ಲಿ ಕೇಳಿಸಿಕೊಂಡಿದ್ದು 'ಕೂರು' ಅನ್ನೋ ಒಂದು ಮಾತು ಮಾತ್ರ ಅನ್ನಿಸುತ್ತೆ. ಆರು ತಿಂಗಳಲ್ಲಿ ಅವಳ ಲೋಕ ಸೋಫಾ, ಅಡುಗೆಮನೆ, ಬಾಲ್ಕನಿ ಇಷ್ಟಕ್ಕೆ ಬಂದು ನಿಂತಿತು. ಆಪರೇಷನ್ ಮಾತೆತ್ತಿದರೆ 'ಇನ್ನೆಲ್ಲಿಗೆ ಹೋಗಬೇಕಿದೆ ನಾನು, ಬಿಡು' ಅನ್ನೋಳು.

ಆ ಪ್ರಶ್ನೆಗೆ ಉತ್ತರ ಹುಡುಕೋದು ನನ್ನ ಕೆಲಸ ಅಂದುಕೊಂಡೆ. ಎಲ್ಲಿಗೆ ಹೋಗಬಹುದು? ಗೂಗಲ್‌ನಲ್ಲಿ ವೀಕೆಂಡ್ ಟ್ರಿಪ್ ಅಂತ ಹುಡುಕಿದರೆ ಬರೋದೆಲ್ಲ ಬೆಟ್ಟ: ನಂದಿ, ಸ್ಕಂದಗಿರಿ, ಸಾವನದುರ್ಗ, ಶಿವಗಂಗೆ. ಬೆಂಗಳೂರಿನವರ ಭಾನುವಾರ ಅಂದ್ರೆ ಹತ್ತೋದು, ಸೂರ್ಯೋದಯ ನೋಡೋದು, ಇಳಿದು ಇಡ್ಲಿ ತಿನ್ನೋದು. ಹತ್ತಲಾಗದವರಿಗೆ ಏನಿದೆ ಅಂತ ನಾನೇ ಪಟ್ಟಿ ಮಾಡಿಕೊಳ್ಳಬೇಕಾಯ್ತು.

ಕೊಕ್ಕರೆಬೆಳ್ಳೂರು: ತವರಿಗೆ ಬಂದ ಹಕ್ಕಿಗಳು

ಮೊದಲನೇ ಭಾನುವಾರಕ್ಕೆ ಒಂದೂ ಮೆಟ್ಟಿಲಿಲ್ಲದ ಜಾಗ ಬೇಕಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಹಾಗೇ ಸಿಕ್ಕಿತು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಬೇಕು. ಎಕ್ಸ್‌ಪ್ರೆಸ್‌ವೇ ಮೇಲೆ ಹಾರಿಕೊಂಡು ಹೋದ್ರೆ ಈ ತಿರುವು ಸಿಗೋದಿಲ್ಲ, ಪಕ್ಕದ ಸರ್ವಿಸ್ ರಸ್ತೆ ಹಿಡಿಯಿರಿ. ಗೆಳತಿಯ ಕಾರು, ಫೆಬ್ರವರಿ ತಿಂಗಳು, ಬೆಳಿಗ್ಗೆ ಆರೂವರೆಗೆ ಹೊರಟೆವು.

ಇದು ಪಕ್ಷಿಧಾಮ ಅಂತ ಬೇಲಿ ಹಾಕಿದ ಜಾಗ ಅಲ್ಲ, ಜನ ವಾಸ ಮಾಡೋ ಹಳ್ಳಿ. ಮನೆ ಹಿತ್ತಲ ಹುಣಸೆಮರ, ಬೀದಿ ಕೊನೆಯ ಆಲ, ಅರಳಿಮರಗಳ ಮೇಲೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಡಿಸೆಂಬರ್-ಜನವರಿಯಲ್ಲಿ ಬಂದು ಮೊಟ್ಟೆ ಇಟ್ಟು, ಮರಿ ಮಾಡಿ, ಮಳೆಗಾಲ ಹತ್ತಿರ ಬಂದಾಗ ಹೊರಡುತ್ತವೆ. ಕೆಳಗೆ ಅಜ್ಜಿ ಅಕ್ಕಿ ಆರಿಸ್ತಾ ಕೂತಿರ್ತಾರೆ, ಮೇಲೆ ಮೂರಡಿ ಎತ್ತರದ ಹಕ್ಕಿ ಕೊಕ್ಕು ಕಟಕಟ ಅನ್ನಿಸ್ತಾ ಇರುತ್ತೆ. ಹಿಕ್ಕೆಯ ವಾಸನೆ ಇದೆ, ಸುಳ್ಳು ಹೇಳೋದಿಲ್ಲ. ಊರಿನವರಿಗೆ ಅದು ಹೊಲದ ಗೊಬ್ಬರ.

ಈ ಹಕ್ಕಿಗಳನ್ನ ಊರಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಕರೀತಾರೆ. ಅದನ್ನ ಕೇಳಿದ್ದೇ ತಡ ಅಮ್ಮ ಒಂದು ಮನೆ ಜಗಲಿ ಮೇಲೆ ಕೂತಳು, ಆ ಮನೆಯ ಯಜಮಾನಿ ಬಂದು ಪಕ್ಕ ಕೂತರು. 'ಬಾಣಂತನಕ್ಕೆ ಎಷ್ಟು ತಿಂಗಳು ಇರ್ತಾವೆ?' 'ಐದಾರು ತಿಂಗಳು ಇರ್ತಾವೆ ಕಣಕ್ಕ.' 'ಅಳಿಯಂದಿರೂ ಜೊತೆಗೇ ಬರ್ತಾರಾ?' 'ಬರ್ದೆ? ಕಡ್ಡಿ ತಂದು ಮನೆ ಕಟ್ಟೋರು ಯಾರು ಮತ್ತೆ?' ಇಬ್ಬರೂ ನಕ್ಕಿದ್ದು ಬೀದಿ ಕೊನೆಗೆ ಕೇಳಿಸ್ತು. ಆರು ತಿಂಗಳಲ್ಲಿ ಅಮ್ಮ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದೆವು. ಅಲ್ಲೊಂದು ವಿಷಯ ಗೊತ್ತಾಯ್ತು. ಬಾಟಲಿ ನೀರು ಕೊಟ್ಟರೆ ಅಮ್ಮ ಬೇಡ ಅಂದಳು. ಒತ್ತಾಯ ಮಾಡಿದಾಗ ನಿಧಾನಕ್ಕೆ ಹೇಳಿದಳು, ಬೆಳಿಗ್ಗೆಯಿಂದ ಕಾಫಿ ಬಿಟ್ಟರೆ ಒಂದು ಗುಟುಕು ನೀರೂ ಕುಡಿದಿಲ್ಲ. 'ದಾರೀಲಿ ಎಲ್ಲಿ ಹೋಗೋದು? ಇದ್ರೂ ಕುಕ್ಕರುಗಾಲಲ್ಲಿ ಕೂರೋಕೆ ನನ್ನಿಂದ ಆಗುತ್ತಾ?' ಅಮ್ಮಂದಿರು 'ನಾನು ಬರಲ್ಲ, ನೀವು ಹೋಗಿ' ಅನ್ನೋದರ ಹಿಂದೆ ಮಂಡಿಗಿಂತ ದೊಡ್ಡ ಕಾರಣ ಇದು. ಆಫೀಸಿನಲ್ಲಿ ವಿಷಯ ಹೇಳಿದಾಗ ಮೂರು ಜನ ಗೆಳತಿಯರು ಮನೆಗೆ ಫೋನ್ ಮಾಡಿ ಕೇಳಿದರು. ಮೂವರ ಅಮ್ಮಂದಿರದ್ದೂ ಇದೇ ಉತ್ತರ. ಅವತ್ತಿನಿಂದ ನಮ್ಮ ಪ್ರವಾಸದ ನಕ್ಷೆಯಲ್ಲಿ ಮೊದಲು ಗುರುತಾಗೋದು ದೇವಸ್ಥಾನ ಅಲ್ಲ, ವೆಸ್ಟರ್ನ್ ಕಮೋಡ್ ಇರೋ ಹೋಟೆಲ್ಲು.

ಸೋಮನಾಥಪುರ: ಅಮ್ಮನೇ ಗೈಡು

ಎರಡನೇ ಭಾನುವಾರ ಒಂದು ದಿನದ ಟ್ಯಾಕ್ಸಿ. ಸೋಮನಾಥಪುರ ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್, ಮೈಸೂರಿನಿಂದ 35ರಷ್ಟು. ಮದ್ದೂರು, ಮಳವಳ್ಳಿ ಕಡೆಯಿಂದ ಹೋದರೆ ದಾರಿ ತುಂಬ ಭತ್ತದ ಗದ್ದೆ, ಕಬ್ಬು, ಕಾಲುವೆ. ಅಮ್ಮ ಕಿಟಕಿ ಬಿಟ್ಟು ಈಚೆ ನೋಡಲಿಲ್ಲ.

ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇದು. ಮೂರು ಗರ್ಭಗುಡಿ, ಮೂರು ಶಿಖರ, ಸುತ್ತ ಕೈಸಾಲೆ, ನಡುವೆ ನಕ್ಷತ್ರದ ಆಕಾರದ ಜಗತಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನಮ್ಮಂಥವರಿಗೆ ಇದರ ದೊಡ್ಡ ಗುಣ ಅಂದ್ರೆ ಬೆಟ್ಟ ಇಲ್ಲ. ಒಳಗೆ ಹೋಗೋಕೆ, ಜಗತಿ ಏರೋಕೆ ಕೆಲವೇ ಮೆಟ್ಟಿಲು. ದಣಿವಾದರೆ ಕೈಸಾಲೆಯ ನೆರಳಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಗೈಡ್ ಮಾಡಿಕೊಳ್ಳೋಣ ಅಂತ ಅಂದುಕೊಂಡಿದ್ದೆ. ಬೇಕಾಗಲಿಲ್ಲ. ಹೊರಗೋಡೆಯ ಕೆಳಭಾಗದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ, ಅದರ ಮೇಲೆ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳ ಪಟ್ಟಿ. ದಕ್ಷಿಣದ ಕಡೆ ರಾಮಾಯಣ, ಹಿಂದೆ ಭಾಗವತ, ಉತ್ತರದ ಕಡೆ ಮಹಾಭಾರತ. ಅಂದ್ರೆ ಪ್ರದಕ್ಷಿಣೆ ಹಾಕ್ತಾ ಹೋದ್ರೆ ಕಥೆ ಓದಿದ ಹಾಗೆ. ಗೋಡೆಯ ಕಥೆಪಟ್ಟಿಯನ್ನ ಅಮ್ಮ ನಡೀತಾ ನಡೀತಾ ಹೇಳೋಕೆ ಶುರು ಮಾಡಿದಳು. 'ಇಗೋ, ಇದು ಜಿಂಕೆ ಪ್ರಸಂಗ. ಇಲ್ಲಿ ನೋಡು, ಕಪಿಗಳು ಕಲ್ಲು ಹೊತ್ಕೊಂಡು ಹೋಗ್ತಾ ಇರೋದು. ಅಲ್ಲಿ ಕಾಳಿಂಗನ ಮೇಲೆ ಕೃಷ್ಣ.' ಚಿಕ್ಕಂದಿನಲ್ಲಿ ಊರ ಜಾತ್ರೆಯಲ್ಲಿ ರಾತ್ರಿಯಿಡೀ ಕೂತು ನೋಡಿದ ಮೂಡಲಪಾಯ, ಶನಿವಾರದ ಹರಿಕಥೆ ಎಲ್ಲ ಅವಳ ತಲೆಯಲ್ಲಿ ಹಾಗೇ ಇತ್ತು. ಹಿಂದೆ ಇದ್ದ ಒಂದು ಕಾಲೇಜು ಹುಡುಗರ ಗುಂಪು ಮೆಲ್ಲಗೆ ನಮ್ಮ ಜೊತೆ ಸೇರಿಕೊಂಡಿತು. 'ಆಂಟಿ, ಇದು ಯಾರು?' ಅಂತ ಒಬ್ಬ ಕೇಳಿದ. ಮಹಾಭಾರತದ ಗೋಡೆಗೆ ಬರೋಷ್ಟರಲ್ಲಿ ಏಳೆಂಟು ಜನ ಕೇಳುಗರು ಇದ್ದರು.

ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರುಗಳಿವೆ. ಮಲ್ಲಿತಮ್ಮ ಅನ್ನೋ ಶಿಲ್ಪಿಯ ಹೆಸರು ಮತ್ತೆ ಮತ್ತೆ ಕಾಣುತ್ತೆ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದುವಾಗಿರುತ್ತೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತೆ, ಅದಕ್ಕೇ ಇಷ್ಟು ನಾಜೂಕು ಕೆಲಸ ಸಾಧ್ಯವಾಗಿದ್ದು. ಒಳಗೆ ಹೋಗಿ ಒಂದೊಂದೇ ಅಂಕಣದ ಚಾವಣಿ ನೋಡಬೇಕು. ಒಂದರ ನಡುವಿನಿಂದ ದೊಡ್ಡ ಮೊಗ್ಗಿನ ಹಾಗೆ ಏನೋ ಇಳಿಬಿದ್ದಿದೆ. ನಾನು ಕಮಲ ಅಂದೆ. ಅಮ್ಮ ಕತ್ತೆತ್ತಿ ಒಂದು ಕ್ಷಣ ನೋಡಿ, 'ಕಮಲ ಅಲ್ಲ ಕಣೇ, ಬಾಳೆಮೂತಿ' ಅಂದಳು. ಮನೆಗೆ ಬಂದು ಓದಿದರೆ ಪುಸ್ತಕದಲ್ಲೂ ಅದನ್ನೇ ಬರೆದಿದ್ದರು. ಕಲಾ ಇತಿಹಾಸ ಓದದೆ, ಬರೀ ಬಾಳೆಮೂತಿ ಪಲ್ಯ ಮಾಡಿ ಗೊತ್ತಿದ್ದವಳಿಗೆ ತಕ್ಷಣ ತಿಳಿದಿತ್ತು.

ಅಲ್ಲಿಂದ ತಲಕಾಡಿಗೆ ಒಂದು ಗಂಟೆಯೊಳಗಿನ ದಾರಿ. ಕಾವೇರಿ ತೀರದ ಮರಳಲ್ಲಿ ಹೂತ ದೇವಸ್ಥಾನಗಳ ಊರು. ಅಲಮೇಲಮ್ಮನ ಶಾಪದ ಕಥೆ ನಿಮಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಕಾಲಕ್ಕೆ ಅದನ್ನ ಸೇರಿಸಿ ಹೇಳ್ತಾರೆ. ಚೋಳರನ್ನ ಸೋಲಿಸಿದ ನೆನಪಿಗೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೂ, ಪಂಚಲಿಂಗಗಳಲ್ಲಿ ವೈದ್ಯೇಶ್ವರನನ್ನೂ ನೋಡಿದೆವು. ಆದರೆ ಒಂದು ಮಾತು: ಮರಳಲ್ಲಿ ನಡೆಯೋದು ಮಂಡಿಗೆ ಮೆಟ್ಟಿಲಷ್ಟೇ ಕಷ್ಟ. ಕಾಲು ಹೂಳುತ್ತೆ, ಮಧ್ಯಾಹ್ನ ಸುಡುತ್ತೆ. ಐದೂ ದೇವಸ್ಥಾನ ನೋಡ್ತೀವಿ ಅಂತ ಹಟ ಹಿಡಿಯಬೇಡಿ. ಎರಡು ನೋಡಿ, ಹೊಳೆ ದಂಡೆಗೆ ಬಂದು ನೀರಲ್ಲಿ ಕಾಲಿಟ್ಟು ಕೂತರೆ ಸಾಕು. ಅಮ್ಮ ಸೀರೆ ಸ್ವಲ್ಪ ಎತ್ತಿ ಹಿಡಿದು, ಮಂಡಿ ಮುಳುಗೋವರೆಗೆ ನೀರಲ್ಲಿ ಹೋಗಿ ನಿಂತಳು. 'ಇದು ಡಾಕ್ಟರು ಕೊಟ್ಟ ಮುಲಾಮಿಗಿಂತ ಚೆನ್ನಾಗಿದೆ' ಅಂದಳು.

ಮೇಲುಕೋಟೆ: ಕೆಳಗಡೆಯ ಊರು

ಮೂರನೇ ಪ್ರವಾಸ ಅಮ್ಮನ ಖರ್ಚಿನದು. ಅಂದ್ರೆ ಅವಳ ಮಟ್ಟಿಗೆ ಸೊನ್ನೆ ರೂಪಾಯಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡ್ತಾರೆ. ರಾಜಹಂಸ, ಐರಾವತದಂಥ ಬಸ್ಸಿಗೆ ಇದು ನಡೆಯೋದಿಲ್ಲ. ಅಮ್ಮ ಆ ಟಿಕೆಟ್ಟನ್ನ ನಾಲ್ಕಾಗಿ ಮಡಿಸಿ ಪರ್ಸಲ್ಲಿ ಇಟ್ಟುಕೊಂಡಳು. 'ಇಷ್ಟು ವರ್ಷ ಎಲ್ಲಿಗಾದ್ರೂ ಹೊರಡಬೇಕು ಅಂದ್ರೆ ನಿಮ್ಮಪ್ಪನ ಹತ್ರ ಚಾರ್ಜಿಗೆ ಕೇಳಬೇಕಿತ್ತು. ಈಗ ಯಾರನ್ನೂ ಕೇಳಬೇಕಾಗಿಲ್ಲ' ಅಂತ ಸಹಜವಾಗಿ ಹೇಳಿದಳು. ನಾನು ಕಿಟಕಿ ಕಡೆ ತಿರುಗಿದೆ.

ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮಂಡ್ಯ, ಮಂಡ್ಯದಿಂದ ಮೇಲುಕೋಟೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಅಲ್ಲಿ ಮಾತ್ರ ಕೈ ಹಿಡಿಯಬೇಕಾಯ್ತು. ಉಳಿದಂತೆ ಕಾರಿಗಿಂತ ಬಸ್ಸೇ ಅವಳಿಗೆ ಹಿತ. ಕಾಲು ಚಾಚೋಕೆ ಜಾಗ ಇರೋ ಮುಂದಿನ ಸೀಟು, ಪಕ್ಕದಲ್ಲಿ ಮಾತಾಡೋಕೆ ಯಾರಾದರೂ ಸಿಕ್ಕೇ ಸಿಗ್ತಾರೆ.

ಮೇಲುಕೋಟೆ ಅಂದ ಕೂಡಲೇ ಎಲ್ಲರೂ ಹೇಳೋದು ಬೆಟ್ಟದ ಮೇಲಿನ ಯೋಗಾನರಸಿಂಹ. ಆದರೆ ಊರಿನ ಜೀವ ಇರೋದು ಕೆಳಗೆ. ಚೆಲುವನಾರಾಯಣಸ್ವಾಮಿ ದೇವಸ್ಥಾನ ಊರ ಮಧ್ಯದಲ್ಲೇ ಇದೆ, ರಾಮಾನುಜಾಚಾರ್ಯರು ಹಲವು ವರ್ಷ ನೆಲೆಸಿದ ಜಾಗ. ವರ್ಷಕ್ಕೊಮ್ಮೆ ವೈರಮುಡಿ ಉತ್ಸವಕ್ಕೆ ರಾತ್ರಿಯಿಡೀ ಜನ ತುಂಬೋದು ಇಲ್ಲೇ. ಪಕ್ಕದಲ್ಲಿ ಕಲ್ಯಾಣಿ. ಎಷ್ಟೋ ಸಿನಿಮಾಗಳಲ್ಲಿ ನೋಡಿದ ಅದೇ ಮೆಟ್ಟಿಲು, ಅದೇ ಕಂಬದ ಮಂಟಪಗಳು. ಕವಿ ಪು.ತಿ.ನ. ಹುಟ್ಟಿದ್ದು ಈ ಊರಲ್ಲಿ, 1905ರಲ್ಲಿ. ಅವರ ಮನೆಯನ್ನ ಸ್ಮಾರಕವಾಗಿ ಉಳಿಸಿದ್ದಾರೆ. ಬೀದಿ ಬೀದಿಯಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲ್. ಎಲೆ ಮೇಲೆ ಹಾಕಿಸಿಕೊಂಡ ಪುಳಿಯೋಗರೆ ಬಾಯಿಗಿಟ್ಟು ಅಮ್ಮ ಕಣ್ಣು ಮುಚ್ಚಿದಳು. ನಾನು ಚೆನ್ನಾಗಿದೆಯಾ ಅಂದೆ. 'ಎಳ್ಳು ಸ್ವಲ್ಪ ಜಾಸ್ತಿ ಹುರಿದಿದ್ದಾರೆ. ಅದೇ ಗುಟ್ಟು' ಅಂದಳು.

ಬೆಟ್ಟದ ಕೆಳಗೆ ಬಂದಾಗ ಆ ಮಾತು ಬಂದೇ ಬಂತು. 'ನೀನು ಹೋಗಿ ಬಾ, ನಾನಿಲ್ಲೇ ಕೂತಿರ್ತೀನಿ.' ನಾನೂ ಹತ್ತಲ್ಲ ಅಂದೆ. ಅವಳಿಗೆ ಸಿಟ್ಟು ಬಂತು, ಇಷ್ಟು ದೂರ ಬಂದು ದೇವರ ಮುಖ ನೋಡದೆ ಹೋಗ್ತೀಯಾ ಅಂತ. ಕೊನೆಗೆ ಇಬ್ಬರೂ ಕಲ್ಯಾಣಿಯ ಮಂಟಪದ ನೆರಳಿಗೆ ಹೋಗಿ ಕೂತೆವು. ಹುಡುಗರು ಈಜ್ತಾ ಇದ್ದರು. ಒಂದು ಮದುವೆ ಜೋಡಿಯ ಫೋಟೋ ಶೂಟ್ ನಡೀತಿತ್ತು. ಸುಮಾರು ಹೊತ್ತು ಅದನ್ನೇ ನೋಡ್ತಾ ಇದ್ದ ಅಮ್ಮ ಇದ್ದಕ್ಕಿದ್ದ ಹಾಗೆ ಅಂದಳು: 'ಗೊಮ್ಮಟನ್ನೂ ನಾನು ನೋಡಿಲ್ಲ ಗೊತ್ತಾ?'

2006ರಲ್ಲಿ ಮಹಾಮಸ್ತಕಾಭಿಷೇಕಕ್ಕೆ ಮನೆಮಂದಿಯೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ನನಗೆ 13 ವರ್ಷ. ಅಪ್ಪನ ಕೈ ಹಿಡಿದು ಹತ್ತಿದ್ದು, ಹಾಲು-ಅರಿಸಿನ ಹರಿದು ಬಣ್ಣ ಬದಲಾಗ್ತಾ ಇದ್ದ ಆ ದೊಡ್ಡ ಮುಖ, ಎಲ್ಲ ನೆನಪಿದೆ. ಅಮ್ಮ ಕೆಳಗೆ ಅಜ್ಜಿ ಜೊತೆ ಬ್ಯಾಗುಗಳನ್ನ ಕಾಯ್ತಾ ಇದ್ದಳು. ನಮ್ಮೂರಿನಿಂದ ಶ್ರವಣಬೆಳಗೊಳ ಎರಡು ಗಂಟೆಯೂ ಇಲ್ಲದ ದಾರಿ. ಮದುವೆಯಾಗಿ ಬಂದು 40 ವರ್ಷ. ಮೂರು ಸಲ ಬೆಟ್ಟದ ಬುಡಕ್ಕೆ ಹೋಗಿದ್ದಾಳೆ, ಒಂದು ಸಲವೂ ಮೇಲೆ ಹೋಗಿಲ್ಲ.

'ಈಗ ಹೇಗೂ ಆಗಲ್ಲ ಬಿಡು' ಅಂತ ಮಾತು ಮುಗಿಸಿ ಎದ್ದಳು.

ಶ್ರವಣಬೆಳಗೊಳ: 'ಇನ್ನೊಬ್ಬರ ಹೆಗಲ ಮೇಲಾ?'

ಬೆಂಗಳೂರಿನಿಂದ ಕುಣಿಗಲ್ ಮೇಲೆ ಹಾಸನಕ್ಕೆ ಹೋಗೋ ರೈಲು ಮಾರ್ಗ 2017ರಲ್ಲಿ ಪೂರ್ತಿ ಶುರುವಾಯ್ತು. ಶ್ರವಣಬೆಳಗೊಳಕ್ಕೂ ನಿಲ್ದಾಣ ಬಂತು. ಬೆಳಗಿನ ರೈಲು ಹಿಡಿದರೆ ಬಿಸಿಲು ಏರೋ ಮೊದಲೇ ಇಳಿಯಬಹುದು, ನಿಲ್ದಾಣದಿಂದ ಊರೊಳಗೆ ಆಟೋ. ಮಂಡಿ ನೋವಿನವರಿಗೆ ರೈಲಿನಷ್ಟು ಒಳ್ಳೇ ಗಾಡಿ ಇಲ್ಲ. ಎದ್ದು ಓಡಾಡಬಹುದು, ಕಾಲು ಚಾಚಬಹುದು, ಶೌಚಾಲಯ ಅಲ್ಲೇ ಇದೆ. ಹತ್ತೋದು, ಇಳಿಯೋದು ಮಾತ್ರ ಹುಷಾರು.

ವಿಂಧ್ಯಗಿರಿಗೆ ಸುಮಾರು 650 ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು, ಬರಿಗಾಲಲ್ಲೇ ಹತ್ತಬೇಕು. ಹತ್ತಲಾಗದವರಿಗೆ ಡೋಲಿ ಇದೆ. ಬುಟ್ಟಿಯಂಥ ಕುರ್ಚಿಯನ್ನ ಕಂಬಕ್ಕೆ ಕಟ್ಟಿ ಹೆಗಲ ಮೇಲೆ ಹೊತ್ತುಕೊಂಡು ಹೋಗ್ತಾರೆ. ನಾನು ರೈಲಲ್ಲೇ ವಿಷಯ ತೆಗೆದೆ. ಅಮ್ಮ ಒಂದೇ ಮಾತಲ್ಲಿ ಬೇಡ ಅಂದಳು. 'ಇನ್ನೊಬ್ಬರ ಹೆಗಲ ಮೇಲೆ ಕೂತು ದೇವರ ಹತ್ರ ಹೋಗೋದಾ? ಹೆಗಲ ಮೇಲೆ ಹೋಗೋ ದಿನ ಒಂದಿದೆ, ಅವತ್ತು ಹೋಗ್ತೀನಿ.' ಅದರ ಮೇಲೆ ನಾನು ಮಾತಾಡಲಿಲ್ಲ.

ಬೆಟ್ಟದ ಬುಡದಲ್ಲಿ ಡೋಲಿಯವರು ಕೂತಿದ್ದರು. ಅಮ್ಮ ಅವರ ಪಕ್ಕದಲ್ಲೇ ಕಟ್ಟೆ ಮೇಲೆ ಕೂತಳು, ಅಭ್ಯಾಸದ ಜಾಗ. ಮಾತಿಗೆ ಶುರು ಮಾಡಿದಳು. ಯಾವೂರು, ಮಕ್ಕಳೆಷ್ಟು, ದಿನಕ್ಕೆ ಎಷ್ಟು ಸಲ ಹತ್ತುತ್ತೀರಿ, ಹೆಗಲು ನೋಯೋದಿಲ್ವಾ. ಅವರಲ್ಲಿ ಹಿರಿಯರೊಬ್ಬರು ಹೆಗಲ ಮೇಲಿನ ಗಟ್ಟಿಯಾದ ಚರ್ಮ ತೋರಿಸಿ ನಕ್ಕರು. 'ನೋವು ಇದ್ದೇ ಇದೆ ತಾಯಿ. ಆದ್ರೆ ನಿಮ್ಮಂಥೋರು ಪಾಪ ಅಂತ ಎದ್ದು ಹೋದ್ರೆ ನಮ್ಗೆ ಅವತ್ತಿನ ಕೂಲಿ ಇಲ್ಲ. ನೀವು ಕೂತ್ರೆ ಭಾರ, ಕೂರದಿದ್ರೆ ಇನ್ನೂ ಭಾರ.' ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. 'ಸ್ಟ್ಯಾಂಡಿಗೆ ಕೊಟ್ಟು ಬಾ. ಬ್ಯಾಗೂ ಅಲ್ಲೇ ಇಡು.'

ದರ ಮೊದಲೇ ಮಾತಾಡಿಕೊಂಡೆವು. ನಾಲ್ಕು ಜನ ಎತ್ತಿದರು. ಅಮ್ಮ ಎರಡೂ ಕೈಯಲ್ಲಿ ಬುಟ್ಟಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಅರ್ಧ ದಾರಿಗೆ ಕಣ್ಣು ಬಿಟ್ಟಳು. ಕೆಳಗೆ ಊರ ನಡುವಿನ ಕೊಳ, ಆಚೆ ಚಂದ್ರಗಿರಿ, ಅದರಾಚೆ ತೆಂಗಿನ ತೋಟಗಳು. 'ನಮ್ಮೂರು ಯಾವ ಕಡೆ?' ಅಂತ ಕೇಳಿದಳು. ಏದುಸಿರು ಬಿಡ್ತಾ ಪಕ್ಕದಲ್ಲಿ ಹತ್ತುತ್ತಿದ್ದ ನನಗೆ ಉತ್ತರ ಹೇಳೋಕೆ ಉಸಿರು ಇರಲಿಲ್ಲ. ಡೋಲಿಯವರೇ ಉತ್ತರದ ಕಡೆ ಕೈ ತೋರಿಸಿದರು.

ಮೇಲೆ, ಒಳಗಿನ ಅಂಗಳಕ್ಕೆ ಹೋಗೋ ಬಾಗಿಲನ್ನ ಅವಳು ನಡೆದೇ ದಾಟಿದಳು. 58 ಅಡಿ ಎತ್ತರದ ಏಕಶಿಲೆ. ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಹೊತ್ತಿಗೆ ಮಾಡಿಸಿದ್ದು ಅಂತ ಹೇಳ್ತಾರೆ. ಅವನು ಮಾಡಿಸಿದ ಅಂತ ಪಾದದ ಬಳಿಯ ಬಂಡೆಯಲ್ಲಿ ಕನ್ನಡದಲ್ಲೇ ಕೆತ್ತಿದ್ದಾರೆ. ಅಮ್ಮ ಕೈ ಮುಗಿಯೋದನ್ನೂ ಮರೆತು ನಿಂತಳು. ಮೊದಲು ಪಾದ, ಆಮೇಲೆ ಕಾಲಿಗೆ ಸುತ್ತಿಕೊಂಡು ತೋಳಿನವರೆಗೆ ಏರಿದ ಬಳ್ಳಿ, ಅಕ್ಕಪಕ್ಕದ ಹುತ್ತ, ಕೊನೆಗೆ ಮುಖ. ಬಹಳ ಹೊತ್ತಾದ ಮೇಲೆ ಕೇಳಿದಳು: 'ಬಳ್ಳಿ ಹಬ್ಬೋವಷ್ಟು ದಿನ ನಿಂತೇ ಇದ್ನಲ್ಲ, ಮಂಡಿ ನೋವು ಬರ್ಲಿಲ್ವಾ ಇವನಿಗೆ?'

ಗೊಮ್ಮಟನ ಎದುರಿಗೆ ಒಂದು ಪುಟ್ಟ ಹೆಂಗಸಿನ ವಿಗ್ರಹ ಇದೆ, ಗುಳ್ಳಕಾಯಜ್ಜಿ. ಚಾವುಂಡರಾಯ ಎಷ್ಟು ಕೊಡ ಹಾಲು ಸುರಿಸಿದರೂ ಅಭಿಷೇಕ ತೊಡೆಯಿಂದ ಕೆಳಗಿಳಿಯಲಿಲ್ಲವಂತೆ. ಬದನೆಕಾಯಿಯಂಥ ಒಂದು ಗುಳ್ಳಕಾಯಿ ತುಂಬ ಹಾಲು ತಂದ ಬಡ ಅಜ್ಜಿ ಸುರಿದಾಗ ಅದು ಇಡೀ ಮೂರ್ತಿಯನ್ನ ತೋಯಿಸಿ ಬೆಟ್ಟದ ಕೆಳಗೂ ಹರಿಯಿತಂತೆ. ಚಾವುಂಡರಾಯನ ಗರ್ವ ಇಳಿಸಿದ ಕಥೆ ಅಂತ ಎಲ್ಲರೂ ಹೇಳ್ತಾರೆ. ಅಮ್ಮನಿಗೆ ಬೇರೆ ವಿಷಯ ಹಿಡಿಸಿತು. 'ಆ ವಯಸ್ಸಲ್ಲಿ ಹಾಲು ಚೆಲ್ಲದ ಹಾಗೆ ಇಷ್ಟು ಎತ್ತರ ಹತ್ತಿದ್ದಾಳಲ್ಲ, ಅದು ದೊಡ್ಡದು.'

ಇಳಿದ ಮೇಲೆ ಊರೊಳಗಿನ ಅಕ್ಕನ ಬಸದಿಗೆ ಹೋದೆವು. ಬೆಟ್ಟಕ್ಕೆ ಬರೋ ಹತ್ತು ಜನರಲ್ಲಿ ಒಂಬತ್ತು ಜನ ಇದನ್ನ ನೋಡದೆ ಹೋಗ್ತಾರೇನೋ. ಹೊಯ್ಸಳರ ಎರಡನೇ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು. ಪಾರ್ಶ್ವನಾಥನ ಬಸದಿ, ಹೊಳೆಯೋ ಕಂಬಗಳು. ಹತ್ತಿರದಲ್ಲೇ 24 ತೀರ್ಥಂಕರರನ್ನ ಸಾಲಾಗಿ ನಿಲ್ಲಿಸಿದ ಭಂಡಾರ ಬಸದಿ. ಎರಡಕ್ಕೂ ಬೆಟ್ಟ ಹತ್ತಬೇಕಿಲ್ಲ. ಒಬ್ಬ ಹೆಣ್ಣುಮಗಳು ಊರ ಮಧ್ಯದಲ್ಲಿ, ಎಲ್ಲರ ಕಾಲಿಗೂ ಎಟಕೋ ಜಾಗದಲ್ಲಿ ಕಟ್ಟಿಸಿದ್ದಾಳೆ ಅಂತ ನನಗೆ ಖುಷಿಯಾಯ್ತು.

ನೀವು ಹೊರಡೋದಾದರೆ

ನಾಲ್ಕು ಪ್ರವಾಸದಲ್ಲಿ ನಾವು ಕಲಿತದ್ದು ಇಷ್ಟು:

1. ಮೊದಲು ಶೌಚಾಲಯ. ದಾರಿಯಲ್ಲಿ ಎರಡು ಗಂಟೆಗೊಂದು ನಿಲುಗಡೆ, ವೆಸ್ಟರ್ನ್ ಕಮೋಡ್ ಇದೆಯಾ ಅಂತ ಫೋನ್ ಮಾಡಿ ಕೇಳಿ. ಇದನ್ನ ಅಮ್ಮನಿಗೆ ಹೊರಡೋ ಮೊದಲೇ ಹೇಳಿಬಿಡಿ. ಆಗ ಅವರು ನೀರು ಕುಡೀತಾರೆ.

2. ಇಳಿಯೋದೇ ಕಷ್ಟ. ಸವೆದ ಮಂಡಿಗೆ ಹತ್ತೋದಕ್ಕಿಂತ ಇಳಿಯೋದು ಹೆಚ್ಚು ನೋವು. 'ಹತ್ತಿಬಿಟ್ರೆ ಇಳಿಯೋದು ಸಲೀಸು' ಅನ್ನೋ ಮಾತು ನಮಗೆ ಸರಿ, ಅವರಿಗಲ್ಲ. ಡೋಲಿ ಮಾಡಿದರೆ ಎರಡೂ ಕಡೆಗೆ ಮಾತಾಡಿ.

3. ದೇವಸ್ಥಾನದ ಕಲ್ಲು ಹತ್ತು ಗಂಟೆಯ ಮೇಲೆ ಸುಡುತ್ತೆ. ಒಂದು ಜೊತೆ ದಪ್ಪ ಸಾಕ್ಸ್ ಬ್ಯಾಗಿನಲ್ಲಿರಲಿ. ಸಾಕ್ಸ್ ಹಾಕಿಕೊಳ್ಳಬಹುದಾ ಅಂತ ಅಲ್ಲಿನವರನ್ನ ಕೇಳಿ, ಸಾಮಾನ್ಯವಾಗಿ ವಯಸ್ಸಾದವರಿಗೆ ಬೇಡ ಅನ್ನೋದಿಲ್ಲ.

4. ಮಡಚೋ ಸ್ಟೂಲು ಒಂದು ಇದ್ದರೆ ಅರ್ಧ ಚಿಂತೆ ಕಳೀತು. ನೆಲದ ಮೇಲೆ ಕೂತು ಏಳೋದೇ ಅವರಿಗೆ ದೊಡ್ಡ ಕಷ್ಟ.

5. ಒಂದು ದಿನಕ್ಕೆ ಒಂದು ಊರು, ಹೆಚ್ಚಂದರೆ ಎರಡು. ಬಿಪಿ, ಶುಗರ್ ಮಾತ್ರೆ ಇದ್ದರೆ ಊಟದ ಹೊತ್ತು ತಪ್ಪಿಸಬೇಡಿ. ಮನೆಯಿಂದ ಒಂದು ಡಬ್ಬಿ ಕಟ್ಟಿಕೊಳ್ಳಿ, ಆದರೆ ಕಟ್ಟೋ ಕೆಲಸ ಅಮ್ಮನಿಗೆ ಕೊಡಬೇಡಿ. ಅವರು ನಾಲ್ಕು ಗಂಟೆಗೆ ಎದ್ದರೆ ಪ್ರವಾಸ ಅಡುಗೆಮನೆಯಲ್ಲೇ ಮುಗಿದುಹೋಗುತ್ತೆ.

6. ಆಧಾರ್ ಕಾರ್ಡ್ ಮರೀಬೇಡಿ. ಶಕ್ತಿ ಯೋಜನೆ ರಾಜ್ಯದ ಒಳಗೆ ಮಾತ್ರ, ಗಡಿ ದಾಟೋ ಅಂತರರಾಜ್ಯ ಬಸ್ಸುಗಳಿಗೆ ಇಲ್ಲ.

7. ಚಪ್ಪಲಿ, ಬ್ಯಾಗು ಸ್ಟ್ಯಾಂಡಿಗೆ ಕೊಡಿ. ಹತ್ತಿಪ್ಪತ್ತು ರೂಪಾಯಿ ಉಳಿಸೋಕೆ ಒಬ್ಬರನ್ನ ಕೆಳಗೆ ಕೂರಿಸಬೇಕಿಲ್ಲ.

ಶ್ರವಣಬೆಳಗೊಳದಿಂದ ಬಂದ ವಾರ ಡಾಕ್ಟರ ಹತ್ತಿರ ಮಾಮೂಲಿ ಚೆಕಪ್ ಇತ್ತು. ಯಾವಾಗಲೂ ನಾನೇ ಮಾತಾಡ್ತಿದ್ದೆ, ಅಮ್ಮ ಪಕ್ಕದಲ್ಲಿ ಸೆರಗಿನ ಅಂಚು ಸರಿ ಮಾಡಿಕೊಳ್ತಾ ಇರ್ತಿದ್ದಳು. ಈ ಸಲ ಅವಳೇ ಕೇಳಿದಳು. ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೆ ನಡೀಬಹುದು, ಮೆಟ್ಟಿಲು ಹತ್ತಬಹುದಾ, ಎಷ್ಟು ಹತ್ತಬಹುದು. ಹಿಂದಿನ ಮಹಾಮಸ್ತಕಾಭಿಷೇಕ ಆಗಿದ್ದು 2018ರಲ್ಲಿ. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಅದನ್ನ ಅಮ್ಮ ಡಾಕ್ಟರಿಗೆ ಹೇಳಿದಳೇ ಹೊರತು ನನಗಲ್ಲ. ಮಾಡಿಸಿಕೊಳ್ಳೋದೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಊರಿನಿಂದ ಸೋದರಮಾವ ಬೇಡ ಅಂತಾರೆ, ಪಕ್ಕದ ಫ್ಲ್ಯಾಟಿನ ಆಂಟಿ ನಾನು ಮಾಡಿಸಿಕೊಂಡು ಚೆನ್ನಾಗಿದ್ದೀನಿ ಅಂತಾರೆ. ಇಬ್ಬರ ಮಾತನ್ನೂ ಅಮ್ಮ ಕೇಳಿಸಿಕೊಳ್ತಾ ಇದ್ದಾಳೆ.

ಸದ್ಯಕ್ಕೆ ಮುಂದಿನ ಪಟ್ಟಿಯಲ್ಲಿರೋದು ಲೇಪಾಕ್ಷಿ. ಬೆಂಗಳೂರಿನಿಂದ 120 ಕಿಲೋಮೀಟರ್, ಗಡಿ ದಾಟಿ ಆಂಧ್ರಕ್ಕೆ ಹೋಗಬೇಕು. ದೊಡ್ಡ ನಂದಿ ರಸ್ತೆ ಪಕ್ಕದಲ್ಲೇ ಇದೆ, ವೀರಭದ್ರ ದೇವಸ್ಥಾನದಲ್ಲಿ ನೆಲಕ್ಕೆ ತಾಗದ ಒಂದು ಕಂಬದ ಕೆಳಗೆ ಜನ ಬಟ್ಟೆ ತೂರಿಸಿ ನೋಡ್ತಾರೆ. ಇದನ್ನ ಹೇಳಿದ ಕೂಡಲೇ ಅಮ್ಮ ಯಾವ ಸೀರೆ ಉಡೋದು ಅಂತ ಯೋಚನೆ ಮಾಡೋಕೆ ಶುರು ಮಾಡಿದ್ದಾಳೆ, ಸೆರಗು ತೂರಿಸೋಕೆ ತೆಳುವಾಗಿರಬೇಕಂತೆ.

ನಿಮ್ಮ ಮನೆಯಲ್ಲೂ ಕಟ್ಟೆ ಮೇಲೆ ಕೂರೋರು ಯಾರಾದರೂ ಇದ್ದರೆ, ಅವರನ್ನ ಕರೆದುಕೊಂಡು ಹೋದ ಊರುಗಳ ಬಗ್ಗೆ ಬರೆದು ತಿಳಿಸಿ. ಎಷ್ಟು ಮೆಟ್ಟಿಲಿದೆ ಅನ್ನೋದನ್ನ ಮಾತ್ರ ಸರಿಯಾಗಿ ಎಣಿಸಿ ಬರೀರಿ.